ಗರಗಸ, ಬೆಲ್ಲ, ನವಿಲು

ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ, ಮೆಟ್ಟಿಲ ಕೆಳಗೆ,
ನೀರಿನ ಕೊಡ ಇಡುತ್ತಿದ್ದ ಗೂಡಿನಲ್ಲಿ
ಈಗೊಂದು ಹಳೇ ಕಂಪ್ಯೂಟರು ಕೂತಿದೆ.
ಪರದೆಯಿಲ್ಲ, ಕೀಲಿಮಣೆಯಿಲ್ಲ, ಹಸಿರು ದೀಪವೊಂದೇ.
ವಾರಕ್ಕೊಮ್ಮೆ ಅದರ ಪಂಖದಿಂದ
ಒಂದು ಚಮಚ ಕರಿ ಮರಳು ತೆಗೆಯುತ್ತೇನೆ.

ಕೂರಿಸಿದವಳೂ ನಾನೇ, ಲೆಕ್ಕ ಬರೆಯುವವಳು.
ಹೋದ ದೀಪಾವಳಿಗೆ ಮುಂಚೆ ಒಂದು ಪಂಪಿನ ಡ್ರಾಯಿಂಗು
ಪೆನ್‌ಡ್ರೈವಿನಲ್ಲಿ ಝೆರಾಕ್ಸ್ ಅಂಗಡಿಗೆ ಹೋಯಿತು.
ವಾಪಸು ಬಂದದ್ದು ಒಂದು, ಅಲ್ಲೇ ಉಳಿದದ್ದು ಎಷ್ಟೋ.
ಎರಡು ತಿಂಗಳಿಗೆ ನಮ್ಮದೇ ಪಂಪು, ನಮ್ಮದೇ ತಪ್ಪಿನ ಸಮೇತ,
ಬೇರೆಯವರ ಹೆಸರು ಹೊತ್ತು ಕೊಲ್ಹಾಪುರದ ಲಾರಿ ಹತ್ತಿತು.

ಆಮೇಲೆ ಕಲಿತೆ. ರಾತ್ರಿ, ಪಾತ್ರೆ ಬೋರಲು ಹಾಕಿದ ಮೇಲೆ.
ಇಲ್ಲಿಂದ ಕಡತ ಬೀಗ ಹಾಕಿಕೊಂಡೇ ಹೊರಡುತ್ತದೆ,
ಮೆಟ್ಟಿಲ ಕೆಳಗಿನದು ಈ ಕೈಯಿಂದ ಆ ಕೈಗೆ ದಾಟಿಸುತ್ತದೆ,
ಮಚ್ಛೆಯಲ್ಲಿ ಮುಮ್ತಾಜ ಕಿಲ್ಲೇದಾರಳ ಮುಂದೆ ಬಿಚ್ಚಿಕೊಳ್ಳುತ್ತದೆ.
ಬೀಗದ ಕೈ ಎಂದರೆ ಮೂರು ಪದ, ಪ್ರತಿ ಸಲ ಹೊಸ ಮೂರು.
ಬರೆದು ಕಳಿಸಬಾರದು, ಬಾಯಿಂದ ಹೇಳಬೇಕು.
ಅದರೊಳಗಿನ ಇಂಗ್ಲಿಷ್ ಪದ ತೆಗೆದು ನಮ್ಮವನ್ನು ತುಂಬಿದೆ:
ಚಿಮಣಿ, ಅತ್ತಿಗೆ, ಮಜ್ಜಿಗೆ, ಕೊಡಲಿ.
"ಅತ್ತಿಗೆ ಮಜ್ಜಿಗೆ ಕೊಡಲಿ" ಎಂದು ಬಂದ ದಿನ
ಮುಮ್ತಾಜಳ ನಗು ಲೇಥಿನ ಸದ್ದನ್ನೂ ಮೀರಿ ಕೇಳಿಸಿತು.

ಪ್ಯಾಟರ್ನ್ ಮಾಡುವ ಲಗಮಣ್ಣ ಬಡಿಗೇರರಿಗೆ ಅನುಮಾನ.
"ಈ ಡಬ್ಬಿ ಎಲ್ಲಾ ಓದತೈತೇನ ತಂಗಿ?"
"ಅದಕ್ಕ ಓದಾಕ ಬರಂಗಿಲ್ರಿ."
"ಇಟ್ಕೊಂತೈತಿ?"
"ಇಲ್ರಿ."
ರಾಶಿಯಿಂದ ಒಂದು ಹಿಡಿ ಹಸಿ ಮರಳು ತಂದು
ಹೆಬ್ಬೆರಳು ಒತ್ತಿದರು. ಗೆರೆ ಗೆರೆಯಾಗಿ ಮೂಡಿತು.
ಅಂಗೈ ತಿರುವಿದರು. ಬಿದ್ದದ್ದು ಬರೀ ಮರಳು.
"ಹಿಂಗ?"
ಹಿಂಗ, ಅಂದೆ. ಪೂರ್ತಿ ನಿಜವಲ್ಲ,
ಡಬ್ಬಿ ಆ ಹೆಬ್ಬೆರಳನ್ನೂ ಕಂಡಿರುವುದಿಲ್ಲ.
ಅಷ್ಟು ಸಾಕಾಯಿತು ಅವರಿಗೆ.

ಮರುದಿನ ಮೇಣಬಟ್ಟೆ ಸುತ್ತಿದ ವಹಿ ತಂದರು. ನಲವತ್ತು ವರ್ಷದ್ದು.
ಯಾವ ಲೋಹ ಆರುವಾಗ ಎಷ್ಟು ಕುಗ್ಗುತ್ತದೆ,
ಯಾವ ಮೂಲೆಗೆ ಕೂದಲೆಳೆ ಹೆಚ್ಚು ಕೊಡಬೇಕು,
ಮಳೆಗಾಲದ ತೇಗ ಎಷ್ಟು ಉಬ್ಬುತ್ತದೆ.
ಮಾಲೀಕರಿಗೂ ತೋರಿಸಿದ್ದಿಲ್ಲ.
"ಇದನ್ನ ಸಾತೇರಿಗೆ ಕಳಸು."

ಸಾತೇರಿ ಇವರ ಕೈಕೆಳಗೆ ಉಳಿ ಹಿಡಿದವ,
ಅಳತೆಪಟ್ಟಿ ಕದ್ದನೆಂದು ಹೊರಬಿದ್ದವ.
ಪಟ್ಟಿ ಆಮೇಲೆ ಸಿಕ್ಕಿತು, ಪೆಟ್ಟಿಗೆಯ ತಳದಲ್ಲಿ.
ಮಾತು ಸಿಗಲಿಲ್ಲ. ಎಂಟು ವರ್ಷ.
ಹೊನಗಾದಲ್ಲಿ ಅವನದೇ ಶೆಡ್ಡಿದೆ ಈಗ.

ಅರವತ್ತೆರಡು ಹಾಳೆ ಫೋಟೋ ತೆಗೆದೆ.
ಪರದೆ ಮೂರು ಪದ ಕೊಟ್ಟಿತು.
"ನೀನ ಹೇಳವಾ."
"ಆಗಂಗಿಲ್ರಿ, ಕಳಸಾವ್ರೇ ಹೇಳಬೇಕು."
ಆ ಕಾನೂನು ಹುಟ್ಟಿದ್ದು ಅದೇ ಕ್ಷಣ.

ಫೋನು ಕಿವಿಯಿಂದ ಒಂದು ಗೇಣು ದೂರ.
ಹೆಸರು ಹಿಡಿಯಲಿಲ್ಲ, ಹೆಂಗದೀ ಅನ್ನಲಿಲ್ಲ.
"ಗರಗಸ," ಅಂದರು. "ಬೆಲ್ಲ."
ಕುಲುಮೆಯ ಗಾಳಿ ನಡುವೆ ಬಂತು.
"ನವಿಲು."

ಆ ಕಡೆ ಮರ ಕೊಯ್ಯುತ್ತಿದ್ದ ಸದ್ದು ನಿಂತಿತು.
ತುಸು ಹೊತ್ತು ಬಿಟ್ಟು,
"ಇನ್ನೊಮ್ಮೆ ಹೇಳ್ರಿ ಮೇಸ್ತ್ರಿ."

ಹೇಳಿದರು. ಈ ಸಲ ಫೋನು ಕಿವಿಗೆ ತಾಗಿತ್ತು.

ನೂರಕ್ಕೆ ನಲವತ್ತೊಂದು ದಾಟಿದಾಗ ಕರೆಂಟು ಹೋಯಿತು.
ಮೆಟ್ಟಿಲ ಕೆಳಗೆ ದೀಪ ಆರಿತು.
ಇಬ್ಬರೂ ಫೋನು ಇಡಲಿಲ್ಲ.
ಬೀಡಿಗೆ ನೂರಕ್ಕೆ ಒಂದು ಸಾಕಲ್ರಿ, ಅಂದನಂತೆ ಅವ.
"ಎಲ್ಲಿ ಸಾಕೋ ಮಬ್ಬ, ದಪ್ಪ ಎಷ್ಟೈತಿ ನೋಡಬ್ಯಾಡೇನು?"

ಹೇಗೂ ಪಂಖ ನಿಂತಿದೆಯಲ್ಲ ಎಂದು
ನಾನು ಬ್ಯಾಟರಿ ಹಿಡಿದು, ಮೆಟ್ಟಿಲ ಕೆಳಗೆ,
ಮರಳು ತೆಗೆಯಲು ಕೂತೆ.